ವಂಶವೃಕ್ಷದ ಖಾಲಿ ಮನೆಗಳು

ನಮ್ಮ ಸಮಾಜದಲ್ಲಿ ಈಚಿನ ವರ್ಷಗಳಲ್ಲಿ ವಂಶವೃಕ್ಷ ಮಾಡಿಸುವ ಉತ್ಸಾಹ ಹೆಚ್ಚಿದೆ. ಮನೆತನದವರೆಲ್ಲ ಒಂದು ಕಡೆ ಸೇರುತ್ತಾರೆ, ಪೂಜ್ಯರನ್ನು ಬರಮಾಡಿಕೊಳ್ಳುತ್ತಾರೆ, ದಪ್ಪ ರಟ್ಟಿನ ವಂಶಾವಳಿ ಪುಸ್ತಕ ಬಿಡುಗಡೆಯಾಗುತ್ತದೆ, ಪ್ರಸಾದವಾಗುತ್ತದೆ. ಇದು ಒಳ್ಳೆಯ ಕೆಲಸವೇ. ಹಿಂದೆ ಹೆಳವರ ಹೊತ್ತಿಗೆಯಲ್ಲಿ, ಹಿರಿಯರ ಬಾಯಲ್ಲಿ ಇದ್ದ ಹೆಸರುಗಳನ್ನು ಈಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಅಮೆರಿಕದಲ್ಲೋ ಇರುವ ಮೊಮ್ಮಕ್ಕಳು ಕಂಪ್ಯೂಟರಿನ ತಂತ್ರಾಂಶಕ್ಕೆ ಏರಿಸುತ್ತಿದ್ದಾರೆ. ನಿವೃತ್ತಿಯ ನಂತರ ಬಂಧುಬಳಗದ ಹಲವರಿಗೆ ಈ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೇನೆ. ಆ ಅನುಭವದಿಂದ ಒಂದು ಮಾತು ಹೇಳಲೇಬೇಕೆನಿಸಿದೆ: ಗೊತ್ತಿಲ್ಲದ ಹಿರಿಯರ ಜಾಗವನ್ನು ಖಾಲಿ ಬಿಡಿ. ಅಂದಾಜಿನಿಂದ ತುಂಬಬೇಡಿ, ಅಭಿಮಾನದಿಂದಂತೂ ತುಂಬಲೇಬೇಡಿ.

ತಂತ್ರಾಂಶದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಮನೆ ಇರುತ್ತದೆ, ಪಗಡೆ ಹಾಸಿನ ಮನೆಯ ಹಾಗೆ. ಹೆಸರು ಗೊತ್ತಿಲ್ಲದ ಕಡೆ ಮನೆ ಖಾಲಿ ಉಳಿಯುತ್ತದೆ, ಅದರೊಳಗೆ ‘ತಂದೆಯನ್ನು ಸೇರಿಸಿ’, ‘ತಾಯಿಯನ್ನು ಸೇರಿಸಿ’ ಎಂಬ ಸೂಚನೆ ಕಾಣುತ್ತಲೇ ಇರುತ್ತದೆ. ನೋಡುವವರಿಗೆ ಅದು ಹಲ್ಲು ಬಿದ್ದ ಬಾಯಿಯಂತೆ ಅನಿಸುತ್ತದೆ. ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಯಾರೋ ಒಬ್ಬ ಹಿರಿಯರು, “ಇಲ್ಲೊಂದು ಹೆಸರು ಹಾಕಿಬಿಡ್ರಿ, ಬರೇ ಬಿಟ್ರ ಚಂದ ಕಾಣೂದಿಲ್ಲ” ಎನ್ನುತ್ತಾರೆ. ಅಲ್ಲಿಗೆ ಒಂದು ಹೆಸರು ಬೀಳುತ್ತದೆ. ಇನ್ನೊಂದು ಪ್ರತಿಗೆ ಹೋಗುವಷ್ಟರಲ್ಲಿ ಅದೇ ಸತ್ಯವಾಗಿರುತ್ತದೆ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಪ್ರತಿಯೊಬ್ಬರಿಗೂ ತಂದೆ-ತಾಯಿ ಇಬ್ಬರು, ಅವರ ತಂದೆ-ತಾಯಂದಿರು ನಾಲ್ವರು. ಹೀಗೆ ಆರು ತಲೆಮಾರು ಹಿಂದೆ ಹೋದರೆ 2, 4, 8, 16, 32, 64, ಒಟ್ಟು 126 ಜನ. ಈಗ ‘ಆರು ತಲೆಮಾರಿನ ಸಂಪೂರ್ಣ ವಂಶಾವಳಿ’ ಎಂದು ಹೊದಿಕೆಯ ಮೇಲೆ ಅಚ್ಚಾದ ಯಾವುದಾದರೂ ಪುಸ್ತಕ ತೆಗೆದು ನೋಡಿ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಒಂದೇ ಗೆರೆಯಲ್ಲಿ ಆರು ಗಂಡಸರ ಹೆಸರಿರುತ್ತದೆ. ಉಳಿದ 120 ಮಂದಿಯಲ್ಲಿ ಹೆಚ್ಚಿನವರು ಎಲ್ಲೂ ಇರುವುದಿಲ್ಲ. ಅವರಿಗೆ ಮನೆಯನ್ನೇ ಬರೆಯದ ಕಾರಣ ಖಾಲಿ ಮನೆಯೂ ಕಾಣುವುದಿಲ್ಲ, ಮರ ತುಂಬಿದಂತೆ ತೋರುತ್ತದೆ. ಅದೇ ಮಾಹಿತಿಯನ್ನು ತಂತ್ರಾಂಶಕ್ಕೆ ಹಾಕಿ ಎಲ್ಲ ಮನೆಗಳನ್ನೂ ತೋರಿಸು ಎಂದರೆ ನಿಜಸ್ಥಿತಿ ಎದುರಿಗೆ ಬರುತ್ತದೆ. ಹುಡುಗರು ಇದನ್ನು ತಂತ್ರಾಂಶದ ಕೊರತೆ ಎಂದುಕೊಳ್ಳುತ್ತಾರೆ. ನಮ್ಮ ಕಾಗದದ ವಂಶಾವಳಿಗಳು ಇಷ್ಟು ಕಾಲ ಮುಚ್ಚಿಟ್ಟದ್ದನ್ನು ತೋರಿಸಿಕೊಟ್ಟದ್ದು ಅದರ ದೊಡ್ಡ ಗುಣ ಎಂದು ನನಗನಿಸುತ್ತದೆ.

ಖಾಲಿ ಮನೆಗಳನ್ನು ತುಂಬುವ ಆಸೆ ಎಲ್ಲಿಗೆ ಕೊಂಡೊಯ್ಯುತ್ತದೆ? ಬಹಳ ಸಲ ನೇರವಾಗಿ 12ನೇ ಶತಮಾನದ ಕಲ್ಯಾಣಕ್ಕೆ. ಏಳೋ ಎಂಟೋ ಹೆಸರುಗಳ ನಂತರ ಒಂದು ಉದ್ದ ಗೆರೆ, ಅದರ ತುದಿಗೆ ಒಬ್ಬ ಶರಣರ ಹೆಸರು. ಕಲ್ಯಾಣದಿಂದ ಇಲ್ಲಿಗೆ ಸುಮಾರು 850 ವರ್ಷ. ತಲೆಮಾರಿಗೆ 25ರಿಂದ 30 ವರ್ಷ ಹಿಡಿದರೂ ನಡುವೆ 28ರಿಂದ 34 ತಲೆಮಾರು ಆಗಬೇಕು. ಎಂಟು ಹೆಸರು ಗೊತ್ತಿದ್ದರೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಮನೆ ಖಾಲಿ. ಅಷ್ಟೇ ಅಲ್ಲ, 30 ತಲೆಮಾರು ಹಿಂದಕ್ಕೆ ಎರಡೆರಡಾಗಿ ಎಣಿಸಿದರೆ ಒಬ್ಬ ಮನುಷ್ಯನಿಗೆ 107 ಕೋಟಿ ಪೂರ್ವಜರ ಮನೆಗಳಾಗುತ್ತವೆ. ಅಷ್ಟು ಜನ ಆಗ ಇಡೀ ಭೂಮಿಯ ಮೇಲೂ ಇರಲಿಲ್ಲ. ಅಂದರೆ ಅದೇ ಜನ ಮತ್ತೆ ಮತ್ತೆ ಬೇರೆ ಬೇರೆ ದಾರಿಯಲ್ಲಿ ನಮ್ಮ ಹಿರಿಯರಾಗಿ ಬರುತ್ತಾರೆ. ಕಲ್ಯಾಣದ ಯಾವುದೇ ಶರಣರ ಸಂತತಿ ಇಂದಿಗೂ ಉಳಿದು ಹಬ್ಬಿದ್ದರೆ, ಅದು ಒಂದು ಮನೆತನದ ಸೊತ್ತಾಗಿ ಉಳಿದಿರಲು ಸಾಧ್ಯವಿಲ್ಲ.

ಗಣಿತ ಬದಿಗಿರಲಿ, ತತ್ವದ ದೃಷ್ಟಿಯಿಂದಲೂ ಇದು ಸರಿಯಲ್ಲ. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು, ಜನನ ಸೂತಕವೂ ಜಾತಿ ಸೂತಕವೂ ಅದರಲ್ಲಿ ಸೇರಿವೆ. ಶರಣರನ್ನು ನಾವು ಗುರುತಿಸುವುದು ಕಾಯಕದಿಂದ: ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಹಡಪದ ಅಪ್ಪಣ್ಣನವರು, ನುಲಿಯ ಚಂದಯ್ಯನವರು. ಅವರಲ್ಲಿ ಹಲವರ ತಂದೆ ತಾಯಿ ಯಾರೆಂಬುದಕ್ಕೆ ಗಟ್ಟಿ ಆಧಾರ ಸಿಗುವುದಿಲ್ಲ, ಅದರಿಂದ ಅವರ ಎತ್ತರವೇನೂ ಕಡಿಮೆಯಾಗಿಲ್ಲ. ನಂತರದ ನಮ್ಮ ಕವಿಗಳೂ ಸ್ವಾಮಿಗಳೂ ತಮ್ಮನ್ನು ಇಂಥ ಗುರುವಿನ ‘ಕರಕಮಲಸಂಜಾತ’ ಎಂದು ಕರೆದುಕೊಂಡರು. ಹೆತ್ತವರ ಹೆಸರಿನ ಜಾಗದಲ್ಲಿ ಗುರುವಿನ ಹೆಸರು ನಿಂತಿತು. ಅಂಥ ಕಡೆ ತಂದೆಯ ಮನೆ ಖಾಲಿ ಇರುವುದು ದಾಖಲೆ ಕಳೆದದ್ದರಿಂದ ಅಲ್ಲ, ಅವರೇ ಬಿಟ್ಟದ್ದರಿಂದ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮಪ್ರಭುಗಳ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಅಹಂಕಾರ ಇಲ್ಲದ ಕಡೆ, ಒಳ್ಳೆಯ ಜ್ಞಾನ ಇರುವ ಕಡೆ ಅಲ್ಲಮ ಹುಟ್ಟುತ್ತಾನೆ ಎಂಬುದು ಕವಿಯ ಇಂಗಿತ. ಅದನ್ನು ಜನನ ನೋಂದಣಿಯಂತೆ ಓದಿ ತಂತ್ರಾಂಶದಲ್ಲಿ ‘ತಂದೆ: ನಿರಹಂಕಾರ’ ಎಂದು ಹಾಕಿದವರನ್ನು ನಾನು ಕಂಡಿದ್ದೇನೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಖಾಲಿ ಬಿಡುವುದು ಹೇಗೆಂದು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ವಚನ ಸಂಪಾದನೆಯನ್ನೇ ನೋಡಿ. ಫ.ಗು. ಹಳಕಟ್ಟಿಯವರು ತಾಡೋಲೆಗಳನ್ನು ಅರಸಿ ಊರೂರು ತಿರುಗಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. 1993ರಲ್ಲಿ ಕರ್ನಾಟಕ ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ಪ್ರಕಟಿಸಿತು. ಬರೆದವರ ಹೆಸರು ತಿಳಿಯದ ವಚನಗಳೂ ಈ ಸಂಪಾದಕರ ಕೈಗೆ ಬಂದವು. ಅವುಗಳನ್ನು ಇನ್ನಾರೋ ಪ್ರಸಿದ್ಧ ಶರಣರ ಲೆಕ್ಕಕ್ಕೆ ಜಮಾ ಮಾಡಲಿಲ್ಲ. ಅಜ್ಞಾತ ವಚನಕಾರರೆಂದೇ ಹೇಳಿ ಅಂಕಿತದಿಂದ ಗುರುತಿಸಿದರು. ಇನ್ನೊಂದು ಸಂಗತಿ: ವಚನಕಾರ್ತಿಯರಲ್ಲಿ ಒಬ್ಬರಿಗಿಂತ ಹೆಚ್ಚು ಕಾಳವ್ವೆಯರಿದ್ದಾರೆ. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಬೇರೆ, ಬಾಚಿಕಾಯಕದ ಬಸವಯ್ಯಗಳ ಪುಣ್ಯಸ್ತ್ರೀ ಕಾಳವ್ವೆ ಬೇರೆ, ಸಿದ್ಧಬುದ್ಧಯ್ಯಗಳ ಪುಣ್ಯಸ್ತ್ರೀ ಕಾಳವ್ವೆ ಬೇರೆ. ಹೆಸರು ಒಂದೇ ಎಂದು ಮೂವರನ್ನೂ ಒಬ್ಬರಾಗಿ ಮಾಡಲಿಲ್ಲ. ಆಯ್ದಕ್ಕಿ ಮಾರಯ್ಯನವರನ್ನೂ ಮೋಳಿಗೆಯ ಮಾರಯ್ಯನವರನ್ನೂ ಅವರವರ ಕಾಯಕವೇ ಬೇರೆಯಾಗಿ ತೋರಿಸುತ್ತದೆ.

ಮನೆಯ ವಂಶವೃಕ್ಷಕ್ಕೂ ಇದೇ ಶಿಸ್ತು ಬೇಕು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ. ಬಸಪ್ಪನ ಮಗ ಶಿವಪ್ಪ, ಅವನ ಮಗ ಬಸಪ್ಪ, ಅವನ ಮಗ ಮತ್ತೆ ಶಿವಪ್ಪ. ಅಡ್ಡಹೆಸರು ಎಲ್ಲರಿಗೂ ಒಂದೇ. ಹುಟ್ಟಿದ ವರ್ಷ ಹಾಕದೆ ಇಂಥ ನಾಲ್ವರನ್ನು ತಂತ್ರಾಂಶಕ್ಕೆ ಕೊಟ್ಟರೆ, “ಇವರಿಬ್ಬರೂ ಒಬ್ಬರೇ ಇರಬಹುದು, ಸೇರಿಸಲೇ?” ಎಂದು ಅದು ಕೇಳುತ್ತದೆ. ಹುಡುಗ ಹೌದು ಎಂದು ಒತ್ತಿದರೆ ಎರಡು ತಲೆಮಾರು ಕಣ್ಣೆದುರೇ ಮಾಯ. ಎಷ್ಟೋ ಮನೆತನಗಳ ಲೆಕ್ಕದಲ್ಲಿ ತಲೆಮಾರು ಕಡಿಮೆ ಬೀಳಲು ಇದೇ ಕಾರಣ, ಬಾಯಿಮಾತಿನ ವಂಶಾವಳಿಯಲ್ಲೂ ಇದು ಆಗುತ್ತಿತ್ತು. 1870ರ ಸುಮಾರಿನ ಕಾಗದದಲ್ಲೂ 1935ರ ಕಾಗದದಲ್ಲೂ ಜಮೀನಿನ ಒಡೆಯ ‘ಬಸಪ್ಪ ಶಿವಪ್ಪ’ ಎಂದೇ ಇದ್ದರೆ, ಅವರು ಇಬ್ಬರೆಂದೇ ಮೊದಲು ಅನುಮಾನಿಸಬೇಕು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಡಿ, ಜೊತೆಗೆ ಊರವರು ಕರೆಯುತ್ತಿದ್ದ ಹೆಸರನ್ನೋ ಕಾಯಕವನ್ನೋ ಸೇರಿಸಿ. ಗಾಣದ ಬಸಪ್ಪ, ತೋಟದ ಬಸಪ್ಪ ಎಂದರೆ ಯಂತ್ರಕ್ಕೂ ತಿಳಿಯುತ್ತದೆ, ಮೊಮ್ಮಕ್ಕಳಿಗೂ ತಿಳಿಯುತ್ತದೆ.

ಖಾಲಿಯಲ್ಲೂ ಬಗೆಗಳಿವೆ. ಬಸಪ್ಪನಿಗೆ ತಾಯಿ ಇದ್ದದ್ದು ನಿಶ್ಚಯ, ಹೆಸರು ಮಾತ್ರ ಗೊತ್ತಿಲ್ಲ. ಅಲ್ಲಿ ಮನೆ ಇರಲೇಬೇಕು, ಹೆಸರಿನ ಜಾಗ ಬರಿದಾಗಿರಬೇಕು, ಟಿಪ್ಪಣಿಯಲ್ಲಿ ‘ಬಸಪ್ಪನ ತಾಯಿ’ ಎಂದಿರಬೇಕು. ಹೆಸರಿನ ಜಾಗದಲ್ಲೇ ‘ಅಜ್ಞಾತ’ ಎಂದು ಬರೆಯಬೇಡಿ. ಯಂತ್ರಕ್ಕೆ ಅದೂ ಒಂದು ಹೆಸರೇ. ಹಲವು ಕುಟುಂಬಗಳ ಮರಗಳನ್ನು ಕೂಡಿಸುವ ತಾಣಗಳಲ್ಲಿ ಗದಗಿನ ‘ಅಜ್ಞಾತ’ಳೂ ಬೈಲಹೊಂಗಲದ ‘ಅಜ್ಞಾತ’ಳೂ ಒಬ್ಬಳೇ ಎಂದು ಅದು ಸೂಚಿಸಿದರೆ ಆಶ್ಚರ್ಯವಿಲ್ಲ. ಇನ್ನು, ಬಸಪ್ಪನಿಗೆ ಒಬ್ಬ ಅಣ್ಣನಿದ್ದನಂತೆ, ಚಿಕ್ಕಂದಿನಲ್ಲೇ ತೀರಿಕೊಂಡನಂತೆ ಎಂಬ ಮಾತು ಬೇರೆ ಬಗೆ. ಅಲ್ಲಿ ಮನೆ ಕಟ್ಟಬೇಡಿ, ಹೇಳಿದವರ ಹೆಸರಿನೊಂದಿಗೆ ಟಿಪ್ಪಣಿ ಮಾತ್ರ ಸಾಕು. ಹೆಸರುಗಳೇ ಕೆಲವು ಸಲ ಇಂಥ ಸುಳಿವು ಕೊಡುತ್ತವೆ. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನ ಕೂಸಿಗೆ ತಿಪ್ಪಣ್ಣ, ತಿರಕಪ್ಪ ಎಂದು ಹೆಸರಿಡುತ್ತಿದ್ದರು. ಸಾಲಾಗಿ ಹೆಣ್ಣು ಹುಟ್ಟಿದರೆ ಕೊನೆಯವಳು ಸಾಕವ್ವ. ಮರದಲ್ಲಿ ತಿರಕಪ್ಪ ಒಬ್ಬನೇ ಮಗನಾಗಿ ಕಂಡರೆ ಅವನ ಹಿಂದೆ ಹೆಸರಿಲ್ಲದೆ ಹೋದ ಮಕ್ಕಳಿರಬಹುದು ಎಂದು ಬರೆದಿಡಬಹುದು. ಇರಬಹುದು ಎಂದು ಮಾತ್ರ.

ತಾರೀಖುಗಳ ವಿಷಯದಲ್ಲಿ ತಂತ್ರಾಂಶಗಳು ನಮಗಿಂತ ಪ್ರಾಮಾಣಿಕ. ವಂಶವೃಕ್ಷದ ಮಾಹಿತಿಯನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯಲು ಬಳಸುವ ಜೆಡ್‌ಕಾಮ್ ಎಂಬ ಮಾದರಿಯನ್ನು 1984ರಲ್ಲಿ ಅಮೆರಿಕದ ಮಾರ್ಮನ್ ಚರ್ಚಿನವರು ರೂಪಿಸಿದರು. ‘ಸುಮಾರು’, ‘ಮೊದಲು’, ‘ನಂತರ’, ‘ಇಂದ ಇಷ್ಟರ ನಡುವೆ’ ಎಂದು ತಾರೀಖು ಬರೆಯಲು ಅದರಲ್ಲಿ ಅವಕಾಶವಿದೆ. ಗ್ರ್ಯಾಂಪ್ಸ್‌ನಂಥ ಉಚಿತ ತಂತ್ರಾಂಶದಲ್ಲಿ ಒಂದೊಂದು ಆಧಾರವನ್ನೂ ಎಷ್ಟರ ಮಟ್ಟಿಗೆ ನಂಬಬಹುದು ಎಂದು ದರ್ಜೆ ಹಾಕಬಹುದು. ಈ ಅನುಕೂಲವನ್ನು ನಮ್ಮವರು ಬಳಸುವುದೇ ಇಲ್ಲ. 1912ರ ವಾರಸಾ ನೋಂದಣಿಯಲ್ಲಿ ಮಗನ ಹೆಸರು ಬಂದಿದ್ದರೆ ತಂದೆ ‘1912ಕ್ಕಿಂತ ಮೊದಲು’ ಲಿಂಗೈಕ್ಯರಾದರು ಎಂದಷ್ಟೇ ಅರ್ಥ, 1912ರಲ್ಲಿ ಎಂದಲ್ಲ. ಅಣ್ಣತಮ್ಮಂದಿರ ಪಾಲಿನಿಂದ ಮಗನ ಹೆಸರಿಗೆ ಬಂದಿದ್ದರೆ ಅಷ್ಟು ಅರ್ಥವೂ ಬರುವುದಿಲ್ಲ, ತಂದೆ ಜೀವಂತ ಇದ್ದಿರಬಹುದು. ಹಳೆಯ ಕಾಗದದಲ್ಲಿ ಧಾತು ಸಂವತ್ಸರ ಎಂದಿದ್ದರೆ ಅದು 1876 ಆಗಬಹುದು, 1936 ಕೂಡ ಆಗಬಹುದು. ಶಕ ವರ್ಷ ಬರೆದಿದೆಯೇ ನೋಡಿ, ಇಲ್ಲವಾದರೆ ಎರಡನ್ನೂ ಟಿಪ್ಪಣಿಯಲ್ಲಿಡಿ. ಅಜ್ಜ ದೀಪಾವಳಿ ಅಮಾವಾಸ್ಯೆಯಂದು ಲಿಂಗೈಕ್ಯರಾದರು, ವರ್ಷ ನೆನಪಿಲ್ಲ ಎನ್ನುವವರು ಬಹಳ. ತಿಥಿಯನ್ನು ಬರೆದುಕೊಳ್ಳಿ, ವರ್ಷದ ಜಾಗ ಖಾಲಿ ಇರಲಿ.

ಜೂನ್ 1ರ ಕಥೆ ಎಲ್ಲರಿಗೂ ಗೊತ್ತು. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ತಿಳಿಯದ ಮಕ್ಕಳಿಗೆಲ್ಲ ಮಾಸ್ತರರು ಜೂನ್ 1 ಎಂದು ಬರೆದರು. ಅದರ ಪ್ರಕಾರ ಮರ ಬರೆದರೆ ಅಣ್ಣ, ತಮ್ಮ, ಅತ್ತಿಗೆ, ಬೀಗರು ಎಲ್ಲರೂ ಒಂದೇ ದಿನ ಹುಟ್ಟಿದವರು. ನೌಕರಿ, ಪಿಂಚಣಿಗೆ ಆ ತಾರೀಖೇ ಇರಲಿ. ಮನೆಯ ಮರದಲ್ಲಿ ‘ಶಾಲೆಯ ದಾಖಲೆಯಂತೆ’ ಎಂಬ ಎರಡು ಪದ ಸೇರಿಸಿದರೆ ಸಾಕು.

ದಾಖಲೆ ಎಲ್ಲಿ ತುಂಡಾಗಿದೆ, ಏಕೆ ತುಂಡಾಗಿದೆ ಎಂಬುದೂ ಇತಿಹಾಸವೇ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕಿಂತ ಹಿಂದಿನ ನೋಂದಣಿ ಎಲ್ಲ ಕಡೆ ಒಂದೇ ರೀತಿ ಇರಲಿಲ್ಲ. ನಿಜಾಮರ ಸೀಮೆಯ ಹಳೆಯ ಕಂದಾಯ ಕಾಗದ ಉರ್ದುವಿನಲ್ಲಿ, ನಮ್ಮ ಕಡೆಯ ಹಳೆಯ ಇನಾಮು ಕಾಗದ ಎಷ್ಟೋ ಸಲ ಮೋಡಿ ಲಿಪಿಯಲ್ಲಿ. ಓದಲು ಬಾರದ ಮೊಮ್ಮಗ ಅದನ್ನು ಇಲ್ಲವೆಂದೇ ಭಾವಿಸುತ್ತಾನೆ. 1876-78ರ ಬರದಲ್ಲಿ ಧಾರವಾಡ, ಕಲಾದಗಿ ಸೀಮೆಯ ಜನ ಲೆಕ್ಕವಿಲ್ಲದಷ್ಟು ಸತ್ತರು, ಊರು ಬಿಟ್ಟರು. 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂತು, 1918ರಲ್ಲಿ ಇನ್‌ಫ್ಲೂಯೆಂಜಾ. ಮರದ ಒಂದು ಕೊಂಬೆ ಈ ವರ್ಷಗಳ ಆಸುಪಾಸಿನಲ್ಲಿ ತಟ್ಟನೆ ನಿಂತುಹೋದರೆ ಅಲ್ಲಿ ಏನು ನಡೆದಿರಬಹುದೆಂದು ಊಹಿಸಬಹುದು. ಆದರೆ ಪಕ್ಕದ ಊರಿನ ಅದೇ ಅಡ್ಡಹೆಸರಿನವರನ್ನು ತಂದು ಜೋಡಿಸಬಾರದು. ಅಂಗಡಿ, ಪಾಟೀಲ, ದೇಸಾಯಿ ಎಂಬ ಅಡ್ಡಹೆಸರುಗಳು ನೂರಾರು ಊರಿನಲ್ಲಿವೆ.

ಅಣೆಕಟ್ಟೆಯ ಅಡಿಪಾಯಕ್ಕೆ ಮೊದಲು ನೆಲವನ್ನು ಅಲ್ಲಲ್ಲಿ ಕೊರೆದು ಬಂಡೆ ಎಷ್ಟು ಆಳದಲ್ಲಿದೆ ಎಂದು ನೋಡುತ್ತೇವೆ. ಕೊರೆದ ಕಡೆ ಸಿಕ್ಕದ್ದನ್ನು ಗಟ್ಟಿ ಗೆರೆಯಲ್ಲಿ, ಎರಡು ರಂಧ್ರಗಳ ನಡುವಿನ ಅಂದಾಜನ್ನು ಚುಕ್ಕೆ ಗೆರೆಯಲ್ಲಿ ಬರೆಯುತ್ತೇವೆ. ಚುಕ್ಕೆಯನ್ನು ಗಟ್ಟಿ ಗೆರೆ ಮಾಡಿದರೆ ಮುಂದೆ ಯಾರೋ ಅದನ್ನು ನಂಬಿ ಅದರ ಮೇಲೆ ಗೋಡೆ ಎಬ್ಬಿಸುತ್ತಾರೆ. ವಂಶವೃಕ್ಷದ ಮೇಲೂ ಜನ ಗೋಡೆ ಎಬ್ಬಿಸುತ್ತಾರೆ ಎಂಬುದನ್ನು ಮರೆಯಬಾರದು. ಕೌಟುಂಬಿಕ ವಂಶಾವಳಿಯಲ್ಲಿ ಸಂಬಂಧದ ಬಗ್ಗೆ ತೀರಿಹೋದವರು, ವ್ಯಾಜ್ಯ ಹುಟ್ಟುವ ಮುಂಚೆ ಬರೆದಿಟ್ಟ ಮಾತನ್ನು ನ್ಯಾಯಾಲಯ ಪರಿಶೀಲಿಸಬಹುದು ಎಂದು 1872ರ ಸಾಕ್ಷ್ಯ ಅಧಿನಿಯಮದ 32ನೇ ಕಲಮಿನಲ್ಲೇ ಇತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಅದು ಉಳಿದಿದೆ. ಇಂದು ಚಂದಕ್ಕಾಗಿ ಹಾಕಿದ ಹೆಸರು ನಾವೆಲ್ಲ ಹೋದ ಮೇಲೆ ಯಾರದೋ ಹಕ್ಕಿಗೆ ಅಡ್ಡ ನಿಲ್ಲಬಹುದು. ಬಿಟ್ಟ ಹೆಸರೂ ಅಷ್ಟೇ.

ಬಿಟ್ಟ ಹೆಸರು ಎಂದರೆ ಹೆಚ್ಚಾಗಿ ಹೆಣ್ಣುಮಕ್ಕಳದು. ಪೌತಿ ಖಾತೆಗೆಂದು ನಾಡಕಚೇರಿಯಲ್ಲಿ ಪಡೆಯುವ ವಂಶವೃಕ್ಷವನ್ನು ನೋಡಿ. ಕೊಟ್ಟ ಹೆಣ್ಣುಮಕ್ಕಳ ಹೆಸರನ್ನು ಅರ್ಜಿ ಹಾಕುವಾಗಲೇ ಬಿಡುವ ಚಾಳಿ ಇದೆ. ‘ಅವರು ತಮ್ಮ ಮನೆಗೆ ಹೋದವರು’ ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ದೇಶಕ್ಕೆಲ್ಲ 2005ರಲ್ಲಿ ಬಂತು. ಕಾನೂನು ಬಂದ ಮೇಲೂ ಹೆಸರು ಬರಲಿಲ್ಲ. ಈಗಿನ ಹುಡುಗರು ಅದೇ ಸರ್ಕಾರಿ ಕಾಗದವನ್ನು ಆಧಾರ ಮಾಡಿಕೊಂಡು ತಂತ್ರಾಂಶ ತುಂಬುತ್ತಾರೆ, ಮುದ್ರೆ ಇದೆಯಲ್ಲ ಎಂಬ ಧೈರ್ಯ. ಹೀಗೆ ಇಬ್ಬರು ಅಕ್ಕಂದಿರು, ಮೂವರು ತಂಗಿಯರು ಹುಟ್ಟಲೇ ಇಲ್ಲ ಎಂದಾಗುತ್ತದೆ. ಅನುಭವ ಮಂಟಪದಲ್ಲಿ ಶರಣೆಯರಿಗೆ ಸಮಾನ ಸ್ಥಾನವಿತ್ತು ಎಂದು ಪ್ರತಿ ವೇದಿಕೆಯಲ್ಲಿ ಭಾಷಣ ಮಾಡುವ ನಾವು ಸ್ವಂತ ಅಜ್ಜಿಯ ಅವ್ವನ ಹೆಸರು ಹೇಳಲಾರೆವು.

ಹೆಳವರ ಹೊತ್ತಿಗೆಯ ಬಗ್ಗೆಯೂ ಒಂದು ಮಾತು. ಎತ್ತಿನ ಮೇಲೆ ಬಂದು ಮನೆತನದ ಹೆಸರುಗಳನ್ನು ಒಪ್ಪಿಸುವ ಹೆಳವರನ್ನು ನಮ್ಮ ಓದಿದ ಮಕ್ಕಳು ಭಿಕ್ಷುಕರೆಂದು ತಿಳಿಯುತ್ತಾರೆ. ತಲೆಮಾರುಗಟ್ಟಲೆ ಬೇರೆಯವರ ಹೆಸರುಗಳನ್ನು ಕಾಪಾಡಿಕೊಂಡು ಬಂದದ್ದು ಅವರ ಕಾಯಕ, ಅದಕ್ಕೆ ಗೌರವದ ದಾಸೋಹ ಸಲ್ಲಬೇಕು. ಅವರ ಹೊತ್ತಿಗೆ ಬಹುಮಟ್ಟಿಗೆ ಗಂಡುಮಕ್ಕಳ ಸಾಲನ್ನೇ ಹಿಡಿದು ಹೋಗುತ್ತದೆ, ಮೂಲಪುರುಷನ ಹತ್ತಿರ ಹೋದಂತೆ ಪುರಾಣವೂ ಬೆರೆಯುತ್ತದೆ. ಆದ್ದರಿಂದ ಅದನ್ನು ಪೂರ್ತಿ ಬರೆದುಕೊಳ್ಳಿ, ಆಧಾರದ ಜಾಗದಲ್ಲಿ ‘ಹೆಳವರ ಹೊತ್ತಿಗೆ’ ಎಂದು ನಮೂದಿಸಿ, ಯಾವ ವರ್ಷ ಯಾರ ಬಾಯಿಂದ ಕೇಳಿದಿರಿ ಎಂದೂ ಬರೆಯಿರಿ. ನಮ್ಮ ಇಲಾಖೆಯ ಅಳತೆ ಪುಸ್ತಕದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು: ಬರೆದದ್ದನ್ನು ಅಳಿಸುವಂತಿಲ್ಲ, ಮೇಲೆ ತಿದ್ದಿ ಬರೆಯುವಂತಿಲ್ಲ. ತಪ್ಪಿದ್ದರೆ ಅಡ್ಡಗೆರೆ ಎಳೆದು, ಸರಿಯಾದದ್ದನ್ನು ಬರೆದು, ಸಹಿ ಮಾಡಿ ತಾರೀಖು ಹಾಕಬೇಕು. ಮೊದಲು ಏನಿತ್ತು ಎಂಬುದು ಮುಂದಿನವರಿಗೆ ಕಾಣಬೇಕು. ಹೆಳವರು ಹೇಳಿದ್ದು ಒಂದು, ಉತಾರದಲ್ಲಿರುವುದು ಇನ್ನೊಂದು ಆದರೆ ಎರಡನ್ನೂ ಇಡಿ.

ಇನ್ನು ಹೇಳಲು ಮುಜುಗರಪಡುವ ಖಾಲಿ ಮನೆಗಳು. ಉಡಿಕೆಯಾಗಿ ಬಂದ ಹೆಣ್ಣುಮಗಳ ಮೊದಲ ಗಂಡನ ಮನೆಯನ್ನು ಅಳಿಸುವುದು, ದತ್ತು ಬಂದ ಮಗನನ್ನು ಹೊಟ್ಟೆಯ ಮಗನೆಂದು ತೋರಿಸುವುದು, ಬಸವಿ ಬಿಟ್ಟ ಮಗಳ ಮಕ್ಕಳಿಗೆ ಇಲ್ಲದ ತಂದೆಯನ್ನು ಹುಟ್ಟಿಸುವುದು ಅಥವಾ ಆ ಮಕ್ಕಳನ್ನೇ ಮರದಿಂದ ಕಡಿಯುವುದು. ಇವೆಲ್ಲ ನಡೆಯುತ್ತಿವೆ. ವಿಧವೆಯ ಮರುಮದುವೆಯನ್ನು ಒಪ್ಪಿದ ಸಮಾಜ ನಮ್ಮದು, ಅದು ತಲೆತಗ್ಗಿಸುವ ವಿಷಯವಲ್ಲ. ಸ್ಥಿತಿವಂತರಾದ ಮೇಲೆ ಅದನ್ನು ಮುಚ್ಚಿಡಲು ಕಲಿತದ್ದೇ ತಲೆತಗ್ಗಿಸುವ ವಿಷಯ. ತಂತ್ರಾಂಶದಲ್ಲಿ ಒಬ್ಬ ಹೆಣ್ಣುಮಗಳಿಗೆ ಎರಡು ಸಂಸಾರ ತೋರಿಸಬಹುದು, ಮಗನ ಸಂಬಂಧವನ್ನು ದತ್ತು ಎಂದು ಗುರುತಿಸಬಹುದು, ತಾಯಿಯೊಬ್ಬಳೇ ಇರುವ ಸಂಸಾರವನ್ನೂ ಬರೆಯಬಹುದು. ಯಂತ್ರ ಒಪ್ಪುತ್ತದೆ, ಒಪ್ಪದವರು ನಾವು. ಹೀಗೆಂದು ಎಲ್ಲವನ್ನೂ ಪುಸ್ತಕದಲ್ಲಿ ಅಚ್ಚು ಹಾಕಿ ಹಂಚಬೇಕೆಂದು ನಾನು ಹೇಳುವುದಿಲ್ಲ. ಬದುಕಿರುವವರ ಮನಸ್ಸು ನೋಯುವ ಸಂಗತಿ ಮನೆಯ ಪ್ರತಿಯಲ್ಲಿರಲಿ, ಅಚ್ಚಿನ ಪ್ರತಿಯಲ್ಲಿ ಆ ಜಾಗ ಖಾಲಿ ಇರಲಿ. ಚಿಕ್ಕ ಮಕ್ಕಳ ಹುಟ್ಟಿದ ತಾರೀಖು, ಮೊಬೈಲ್ ನಂಬರು ಅಚ್ಚಾಗುವುದಂತೂ ಬೇಡವೇ ಬೇಡ. ಹೇಳದೆ ಇರುವುದಕ್ಕೂ ಸುಳ್ಳು ಹೇಳುವುದಕ್ಕೂ ಅಂತರವಿದೆ.

ಗೋತ್ರ ಎಂಬ ಜಾಗ ತಂತ್ರಾಂಶದಲ್ಲಿದೆ ಎಂಬ ಒಂದೇ ಕಾರಣಕ್ಕೆ ಎಲ್ಲಿಂದಲೋ ಒಂದು ಗೋತ್ರ ತಂದು ತುಂಬುವುದೂ ಬೇಡ. ನಿಮ್ಮ ಮನೆಯಲ್ಲಿ ಬೆಡಗಿನ ರೂಢಿ ಇದ್ದರೆ, ಅದು ಮನೆತನದ ರೂಢಿ ಎಂದು ಟಿಪ್ಪಣಿಯಲ್ಲಿ ಬರೆದುಕೊಳ್ಳಿ, ಸಾಕು.

ನಮ್ಮ ಸುಧಾರಕ ಬಂಧುಗಳಲ್ಲಿ ಕೆಲವರು ಇಲ್ಲಿ ಆಕ್ಷೇಪ ಎತ್ತುತ್ತಾರೆ. ಕುಲವನ್ನು ಕಳೆದುಕೊಳ್ಳಲು ಹೇಳಿದ ಬಸವಣ್ಣನವರ ಅನುಯಾಯಿಗಳಿಗೆ ವಂಶವೃಕ್ಷ ಏಕೆ? ಋಷಿಮೂಲ ನದಿಮೂಲ ಕೇಳಬಾರದು ಎಂಬ ಗಾದೆಯೇ ಇಲ್ಲವೇ? ನದಿಮೂಲ ಹುಡುಕುವುದು ನೀರಾವರಿ ಇಲಾಖೆಯಲ್ಲಿ ನನಗೆ ಸಂಬಳ ಕೊಟ್ಟು ಮಾಡಿಸಿದ ಕೆಲಸ, ಹಾಗಾಗಿ ಆ ಗಾದೆಯ ಅರ್ಧವನ್ನು ನಾನು ಒಪ್ಪಲಾರೆ. ಆಕ್ಷೇಪದಲ್ಲಿ ಸತ್ಯಾಂಶವಿದೆ. ಉಪಪಂಗಡ ನೋಡಿ ಹೆಣ್ಣು ಗಂಡು ಹೊಂದಿಸಲು, ನಾವೇ ಶುದ್ಧರೆಂದು ಸಾರಲು ಮಾಡುವ ವಂಶವೃಕ್ಷವನ್ನು ನಾನೂ ವಿರೋಧಿಸುತ್ತೇನೆ. ಆದರೆ ಮರ ಮಾಡುವುದನ್ನೇ ಬಿಟ್ಟರೆ ಆ ಜಾಗಕ್ಕೆ ಬರುವುದು ಮೇಲಿನ ಸಾಲಿನ ಆರು ಗಂಡಸರ ಪಟ್ಟಿಯೇ, ಅದರ ತುದಿಗೆ ಅದೇ ಉದ್ದ ಗೆರೆ. ಎರಡೂ ಕಡೆಯ, ಎಲ್ಲ ಮನೆಗಳೂ ಕಾಣುವ ಮರದ ಮುಂದೆ ಕುಲದ ಅಭಿಮಾನ ಬಹಳ ಹೊತ್ತು ನಿಲ್ಲಲಾರದು. ಮೂರನೇ ತಲೆಮಾರಿಗೇ ಅರ್ಧಕ್ಕರ್ಧ ಮನೆ ಖಾಲಿ. ಆ ಖಾಲಿ ಮನೆಗಳಲ್ಲಿ ಯಾರಿದ್ದರು? ಮಗ್ಗದವರೋ, ಗಾಣದವರೋ, ತೊಗಲು ಹದ ಮಾಡಿದವರೋ? ಕೊರಳಿಗೆ ಮೊದಲ ಸಲ ಇಷ್ಟಲಿಂಗ ಕಟ್ಟಿಕೊಂಡು ಹಿಂದಿನ ಕುಲದ ಹೆಸರನ್ನು ಬಿಟ್ಟುಬಂದ ಹಿರಿಯರೋ? ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ತಂದೆಯ ಸ್ಥಾನದಲ್ಲಿಟ್ಟು ಗೌರವಿಸಿದ ಪರಂಪರೆಯವರು ನಾವು. ಆ ಮನೆಗಳಲ್ಲಿ ಯಾರಿದ್ದರೂ ನಮಗೆ ಆಗಬೇಕು. ಅಲ್ಲಿಗೆ ಒಂದು ದೇಸಗತಿಯ ಹೆಸರನ್ನೋ ರಾಜನ ಹೆಸರನ್ನೋ ತಂದು ಕೂರಿಸಿದರೆ ಅಲ್ಲಿ ನಿಜವಾಗಿ ಇದ್ದವರನ್ನು ನಾವೇ ಹೊರಗೆ ದಬ್ಬಿದಂತಾಗುತ್ತದೆ.

ಖಾಲಿ ಬಿಟ್ಟರೆ ಮಕ್ಕಳು ನಮ್ಮನ್ನು ಮೂಲವಿಲ್ಲದವರು ಎಂದುಕೊಂಡಾರು ಎಂಬ ಭಯವನ್ನೂ ಕೇಳಿದ್ದೇನೆ. ನಾನು ಕಂಡಂತೆ ಮಕ್ಕಳಿಗೆ ಅಂಥ ಭಯವಿಲ್ಲ. ಖಾಲಿ ಮನೆ ಕಂಡರೆ ಅವರು ಹುಡುಕಲು ಹೊರಡುತ್ತಾರೆ, ತುಂಬಿದ ಮನೆ ಕಂಡರೆ ಹುಡುಕುವುದನ್ನು ನಿಲ್ಲಿಸುತ್ತಾರೆ.

ಮಠಗಳಿಂದ ಒಂದು ಸಹಾಯ ಬೇಕಾಗಿದೆ. ವಂಶಾವಳಿ ಪುಸ್ತಕಗಳಿಗೆ ಆಶೀರ್ವಚನ ಬರೆಸಿಕೊಳ್ಳಲು ಭಕ್ತರು ಪೂಜ್ಯರ ಬಳಿಗೇ ಬರುತ್ತಾರೆ. ಆಗ ಪುಸ್ತಕದ ಕರಡನ್ನು ತರಿಸಿ ನೋಡಿ, ಹೆಣ್ಣುಮಕ್ಕಳ ಹೆಸರುಗಳು ಇವೆಯೇ, ಪ್ರತಿ ಹೆಸರಿಗೂ ಆಧಾರ ಬರೆದಿದೆಯೇ ಎಂದು ಕೇಳಿದರೆ ಅರ್ಧ ಕೆಲಸ ಆಗುತ್ತದೆ. ಶರಣರಿಗೆ ಎಳೆದ ಉದ್ದ ಗೆರೆಯನ್ನು ಪೂಜ್ಯರೇ ಬೇಡವೆಂದರೆ ಹಿರಿಯರೂ ಒಪ್ಪುತ್ತಾರೆ, ನಮ್ಮಂಥವರು ಹೇಳಿದರೆ ಒಪ್ಪುವುದಿಲ್ಲ. ಶ್ರಾವಣದ ಪ್ರವಚನಕ್ಕೆ ಊರಿನ ಹಿರಿಯ ತಾಯಂದಿರೆಲ್ಲ ಮಠಕ್ಕೆ ಬರುತ್ತಾರೆ. ಪ್ರವಚನ ಮುಗಿದ ಮೇಲೆ ನಾಲ್ಕು ಜನ ಯುವಕ ಯುವತಿಯರು ಫೋನಿನಲ್ಲಿ ಧ್ವನಿಮುದ್ರಣ ಒತ್ತಿ ಅವರ ಪಕ್ಕ ಕೂತರೆ ಸಾಕು. ಎಂಬತ್ತು ದಾಟಿದವರನ್ನು ಮೊದಲು ಮಾತಾಡಿಸಿ. ಗಂಡನ ಮನೆಯ ಹೆಸರುಗಳನ್ನು ಆಮೇಲೆ ಕೇಳಿದರಾಯಿತು, ಅವು ಎಲ್ಲೋ ಒಂದು ಕಡೆ ಬರೆದಿರುತ್ತವೆ. ತವರೂರು ಯಾವುದು, ಅವ್ವನ ಹೆಸರೇನು, ಅವ್ವನ ತವರು ಯಾವುದು, ಮದುವೆಗೆ ಮುಂಚೆ ನಿಮ್ಮನ್ನು ಏನೆಂದು ಕರೆಯುತ್ತಿದ್ದರು ಎಂದು ಕೇಳಿ. ನೆನಪಿಲ್ಲ ಎಂದರೆ ಒತ್ತಾಯ ಮಾಡಬೇಡಿ, ಕೇಳಿದ ತಾರೀಖು ಹಾಕಿ ‘ನೆನಪಿಲ್ಲ ಎಂದರು’ ಎಂದು ಬರೆದುಕೊಂಡು ಬನ್ನಿ.